ಅಮ್ಮನೊಂದಿಗೆ ಸಿಂಹ ನೋಡಲು

ಟಾಂಜಾನಿಯಾದ ಪಶ್ಚಿಮದಲ್ಲಿರುವ ಕಟಾವಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಲೆಕ್ಕಾಚಾರ ನಮ್ಮ ಮನೆಯಲ್ಲಿ ಆರು ತಿಂಗಳಿಂದ ನಡೆದಿತ್ತು. ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಒಣಗಾಲ. ಬತ್ತಿದ ಕಟುಮಾ ನದಿಯ ಕೆಸರಲ್ಲಿ ನೀರಾನೆಗಳು ಒತ್ತೊತ್ತಾಗಿ ಸೇರುತ್ತವೆ, ಸಿಂಹಗಳೂ ಸುತ್ತಮುತ್ತ ಸುಳಿಯುತ್ತವೆ. ಇಂಥ ಪ್ರಯಾಣಕ್ಕೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕಾಗಬಹುದು. ಚುಚ್ಚಿಸಿಕೊಂಡ 10 ದಿನಗಳ ನಂತರವೇ ಅದು ಊರ್ಜಿತ. 60 ದಾಟಿದವರಿಗೆ ಈ ಲಸಿಕೆಯ ಅಪಾಯ ಹೆಚ್ಚು. ಅಮ್ಮನಿಗೆ 71. ಹಾಗಾಗಿ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಕಾಶಿಯಾತ್ರೆಯ ನಡುವೆ ಸಾರನಾಥದ ವಸ್ತುಸಂಗ್ರಹಾಲಯದಲ್ಲಿ ಅಶೋಕನ ಸಿಂಹಗಳ ಮುಂದೆ ಅಮ್ಮ ಬಹಳ ಹೊತ್ತು ನಿಂತಳು. “ಕಾಡಲ್ಲಿ ಇದನ್ನ ನೋಡೋ ಯೋಗ ಬರ್ಲೇ ಇಲ್ಲ ನೋಡು” ಎಂದಳು.

ಪಕ್ಕದ ಚಂದೌಲಿ ಜಿಲ್ಲೆಯ ಚಂದ್ರಪ್ರಭಾ ಅಭಯಾರಣ್ಯಕ್ಕೆ 1957ರಲ್ಲಿ ಗಿರ್‌ನಿಂದ ಸಿಂಹಗಳನ್ನು ತಂದು ಬಿಟ್ಟಿದ್ದರು. ಅವು 11ರವರೆಗೆ ಹೆಚ್ಚಿದವು, ಅದೇ 1960ರ ದಶಕದಲ್ಲಿ ಕಣ್ಮರೆಯಾದವು. ಈಗ ನಮ್ಮ ದೇಶದ ಸಿಂಹ ಕಾಡಲ್ಲಿ ಕಾಣಬೇಕೆಂದರೆ ಗುಜರಾತಿಗೇ ಹೋಗಬೇಕು.

ಗಿರ್‌ಗೆ ಲಸಿಕೆ ಬೇಡ, ಪಾಸ್‌ಪೋರ್ಟೂ ಬೇಡ. ಮಳೆಗಾಲಕ್ಕೆ ಮುಚ್ಚಿದ ಕಾಡು ಅಕ್ಟೋಬರ್ 16ಕ್ಕೆ ತೆರೆಯುತ್ತದೆ. ಕಟಾವಿ ಒಂದೆರಡು ವರ್ಷ ಕಾಯಬಹುದು, ಅಮ್ಮನ ಮೊಣಕಾಲು ಕಾಯುವುದಿಲ್ಲ. ಡಿಸೆಂಬರ್‌ಗೆ ಗಿರ್ ಸಫಾರಿಯ ಪರ್ಮಿಟ್ ಮಾಡಿಸುತ್ತಿದ್ದೇನೆ. ಪಟ್ಟಿಯಲ್ಲಿ ಮೊದಲ ಹೆಸರು ಅಮ್ಮನದು.