ಕೌದಿಗೆ ಬೆಲೆ ಕಟ್ಟಿದ ಲೆಕ್ಕ

ಟ್ಯಾಕ್ಸ್ ಸೀಸನ್ ಬಂತೆಂದರೆ ನಮಗೆ ಫೋನು ಜಾಸ್ತಿ. ಲೆಕ್ಕದ ಕೆಲಸದವರು ಅಂತ ಗೊತ್ತಿರುವುದರಿಂದ ಪರಿಚಯದವರೆಲ್ಲ ಡಬ್ಲ್ಯು-2, 1099 ಅಂತ ಕೇಳುತ್ತಾರೆ. ಈ ತಿಂಗಳು ಅದನ್ನೆಲ್ಲ ಬದಿಗಿಟ್ಟು ಕೌದಿ ವಿಷಯ ಬರೆಯುತ್ತಿದ್ದೇವೆ. ಬಿ.ಕಾಂ. ಓದಿದವರ ಕೈಗೆ ಕೌದಿ ಕೊಟ್ಟರೂ ಕೊನೆಗೆ ಅದು ಲೆಕ್ಕವೇ ಆಗುತ್ತದೆ ಅನ್ನೋದು ಬೇರೆ ಮಾತು.

ಇಲ್ಲಿ 'ನಾವು' ಅಂದರೆ ಗಂಡ-ಹೆಂಡತಿ ಇಬ್ಬರೂ. ಸೂಜಿ ಮನೆಯವರದು, ನೋಟ್‌ಬುಕ್ ನಮ್ಮದು.

ಕೌದಿ ಏನು ಅಂತ ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು. ಸವೆದ ಇಳಕಲ್ ಸೀರೆ, ಧೋತರ, ಹರಿದ ಅಂಗಿ, ಮಕ್ಕಳ ಫ್ರಾಕು, ಇವನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಇಟ್ಟು, ಒತ್ತೊತ್ತಾಗಿ ಕೈಯಿಂದ ಹೊಲಿದ ಹೊದಿಕೆ ಇದು. ಹೊದೆಯಲೂ ಆಯಿತು, ಹಾಸಲೂ ಆಯಿತು. ಒಳಗೆ ಹತ್ತಿ ತುಂಬುವುದಿಲ್ಲ, ಬಟ್ಟೆಯೇ ಅದರ ತೂಕ. ನಮ್ಮೂರು ನವಲಗುಂದದ ಕಡೆ. ಸುಗ್ಗಿ ಮುಗಿದ ಮೇಲೆ ಕೌದಿ ಹೊಲಿಯುವ ಹೆಂಗಸರು ಊರಿಗೆ ಬರೋರು. ಮನೆಯ ಹಳೇ ಅರಿವೆಯ ಗಂಟು ತಂದು ಅವರ ಮುಂದೆ ಸುರಿದರೆ ಕಟ್ಟೆ ಮೇಲೆ ಕೂತು ಹೊಲಿಯೋರು. ಕೂಲಿ ಅಂದರೆ ಜೋಳ, ಮಧ್ಯಾಹ್ನದ ಊಟ, ಹೋಗುವಾಗ ಒಂದು ಹಳೇ ಸೀರೆ. ಎಷ್ಟು ತಾಸಿಗೆ ಎಷ್ಟು ಜೋಳ ಅಂತ ಯಾರೂ ಬರೆದಿಟ್ಟದ್ದು ನಾವು ನೋಡಿಲ್ಲ.

ಮನೆಯವರ ತವರು ಹಳಿಯಾಳ. ಆ ಕಡೆ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದವರು. ಆ ಹೆಂಗಸರು ಹೊಲಿಯುವ ಕೌದಿಗೆ ಮೊದಲೇ ನಕ್ಷೆ ಅಂತ ಇರುವುದಿಲ್ಲ. ಕೆಳಗೆ ಒಂದು ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಅಂಚನ್ನು ಒಳಗೆ ಮಡಚಿ, ಕೈಗೆ ಸಿಕ್ಕ ತುಂಡು ಇಡುತ್ತ, ಹೊಲಿಯುತ್ತ ಸುತ್ತಿಕೊಂಡು ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ 'ಫುಲಾ', ಅಂದರೆ ಹೂವು. ಮನೆಯವರು ಹೊಲಿಗೆ ಕಲಿತದ್ದು ತಮ್ಮ ಅವ್ವನಿಂದ. ಆದರೆ ತುಂಡು ಇಡುವ ಧೈರ್ಯ ಕಲಿತದ್ದು ತವರಿನ ಮನೆಗೆ ಬರುತ್ತಿದ್ದ ಒಬ್ಬ ಸಿದ್ದಿ ಅಜ್ಜಿಯಿಂದ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂಯಲ್ ಎಂಬ ಪ್ರೊಫೆಸರ್, ಆಫ್ರಿಕಾದ ಕಲೆ ಓದಿದವರು, 2004ರಲ್ಲಿ ಸಿದ್ದಿ ಊರುಗಳಿಗೆ ಹೋಗಿ ಈ ಕೌದಿಗಳನ್ನು ನೋಡಿದರು. ಹೆಂಗಸರ ಒಂದು ಸಹಕಾರ ಗುಂಪು ಕಟ್ಟಲು ನೆರವಾದರು. ಆಮೇಲೆ ಅವು ಅಮೆರಿಕದಲ್ಲಿ ಪ್ರದರ್ಶನಕ್ಕೂ ಬಂದವು. ಈಗ ಇಲ್ಲಿ 'ಕವಂದಿ' ಅಂತ ತರಗತಿಯೇ ನಡೆಯುತ್ತದೆ. ನಾವೂ ಒಂದಕ್ಕೆ ಹೋಗಿದ್ದೆವು. ಮೂರು ತಾಸಿಗೆ 85 ಡಾಲರ್. ಕಲಿಸಿದವರು ಒಳ್ಳೆಯವರೇ, ಕೈಯೂ ಚೆನ್ನಾಗಿತ್ತು. ಮೂರು ತಾಸಿನಲ್ಲಿ ಹಳಿಯಾಳ ಅನ್ನುವ ಹೆಸರು ಒಮ್ಮೆಯೂ ಬರಲಿಲ್ಲ. ಮನೆಯವರು ಸುಮ್ಮನೆ ಕೂತು ಎಲ್ಲರಿಗಿಂತ ಮೊದಲು ಒಂದು ಮೂಲೆ ಮುಗಿಸಿ ಬಂದರು.

ನಮ್ಮ 'ಸ್ಟುಡಿಯೋ' ಅಂದರೆ ಗ್ಯಾರೇಜಿನ ಅರ್ಧ. ಅರೋರಾ ಅವೆನ್ಯೂದಿಂದ ಎರಡು ಬೀದಿ ಒಳಗೆ ಬಾಡಿಗೆ ಮನೆ. ಕಾರು ಹೊರಗೆ ನಿಲ್ಲುತ್ತದೆ, ಕೌದಿ ಒಳಗೆ. ಒಂದು ಹಳೇ ಊಟದ ಮೇಜು, ಗೋಡೆಗೆ ನಾಲ್ಕು ಅಕ್ಕಿ ಡಬ್ಬಿ: ತೆಳು ಬಣ್ಣ, ಗಾಢ ಬಣ್ಣ, ಗೀರು, ಹೂವು. ಮೂಲೆಯಲ್ಲಿ ಸಣ್ಣ ಹೀಟರು. ಶೋರ್‌ಲೈನ್ ಮಳೆಯಲ್ಲಿ ಅದಿಲ್ಲದಿದ್ದರೆ ಬಟ್ಟೆಗೆ ತೇವದ ವಾಸನೆ ಬಂದುಬಿಡುತ್ತದೆ. ಸೆಕೆಂಡ್ ಹ್ಯಾಂಡ್ ಮಷಿನ್ ಒಂದಿದೆ, ಪ್ಯಾಂಟಿನ ಕಾಲು ಮಡಚಲು. ಕೌದಿಗೆ ಅದನ್ನು ಮುಟ್ಟಿಸುವುದಿಲ್ಲ. 2025ರಲ್ಲಿ ಜೋ-ಆನ್ ಕಂಪನಿ ದೇಶದ ತುಂಬ ಇದ್ದ ಸುಮಾರು 800 ಬಟ್ಟೆ ಅಂಗಡಿ ಮುಚ್ಚಿದಾಗ ಹೊಲಿಯುವ ಗೆಳತಿಯರೆಲ್ಲ ಕಂಗಾಲು. ನಮಗೇನೂ ಆಗಲಿಲ್ಲ. ಚಿಂದಿಗೆ ಅಂಗಡಿ ಬೇಕಿಲ್ಲವಲ್ಲ.

ತುಂಡು ಇಡುವ ಕೆಲಸ ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಎರಡು ಡಬ್ಬಿಯಿಂದ ತುಂಡು ತೆಗೆಯುತ್ತಾರೆ, ಇಡುತ್ತಾರೆ, ತಲೆ ಓರೆ ಮಾಡಿ ನೋಡುತ್ತಾರೆ, ಒಂದನ್ನು ವಾಪಸ್ ಹಾಕುತ್ತಾರೆ. ತುಂಡು ಉದ್ದವಾದರೆ ಕತ್ತರಿಸುವುದಕ್ಕಿಂತ ಮಡಚುವುದೇ ಹೆಚ್ಚು. ಗಿಡ್ಡವಾದರೆ ಪಕ್ಕಕ್ಕೆ ಇನ್ನೊಂದು. ಓರೆಯಾದರೆ ಓರೆಯಾಗಿಯೇ ಇರಲಿ. "ಮುಂದಿಂದು ಏನು?" ಅಂತ ಕೇಳಿದರೆ, "ಇದನ್ನ ಹೊಲದ ಮ್ಯಾಲೆ ಅದೇ ಹೇಳ್ತದ" ಅಂತಾರೆ. ಬಜೆಟ್ ಇಲ್ಲದೆ ಹೆಜ್ಜೆ ಇಡದ ನಮಗೆ ಇದು ಮೊದಮೊದಲು ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗುತ್ತಿತ್ತು. ಈಗ ರೂಢಿಯಾಗಿದೆ.

2016ರಿಂದ 2023ರ ತನಕ ಇಲ್ಲಿ 11 ಕೌದಿ ಆದವು. ಅಷ್ಟೂ ಕೊಟ್ಟದ್ದೇ. ಬಾಣಂತಿಯರಿಗೆ, ಹೊಸ ಮನೆ ಕೊಂಡವರಿಗೆ, ಕೆಲಸ ಹೋಗಿ ಊರಿಗೆ ವಾಪಸ್ ಹೊರಟ ಒಂದು ಮನೆಯವರಿಗೆ. ಎಷ್ಟೋ ಜನ ದುಡ್ಡು ಕೊಡ್ತೀವಿ ಅಂದರು. ಮನೆಯವರು ಎಚ್-4ನಲ್ಲಿ ಇದ್ದವರು, ತೆಗೆದುಕೊಳ್ಳುವ ಹಾಗಿರಲಿಲ್ಲ. "ಹೋಗಲಿ, ಕಾಸ್ಟ್‌ಕೋ ಕಾರ್ಡ್ ಇಟ್ಟುಕೊಳ್ಳಿ" ಅಂದವರೂ ಇದ್ದರು. ಅದನ್ನೂ ಬೇಡ ಅಂದೆವು. ಕೆಲಸಕ್ಕೆ ಬದಲಾಗಿ ಬಂದದ್ದು ಕಾರ್ಡಾದರೂ, ಅಕ್ಕಿ ಚೀಲವಾದರೂ ಅದು ಕೂಲಿಯೇ. ನಮ್ಮೂರಿನ ಜೋಳದ ಹಾಗೆ. ಈ ಓದುಗರಲ್ಲಿ ಎಷ್ಟೋ ಮನೆಗಳಲ್ಲಿ ಎಂ.ಎಸ್ಸಿ. ಓದಿದವರು, ಬ್ಯಾಂಕಿನಲ್ಲಿದ್ದವರು, ಟೀಚರ್ ಆಗಿದ್ದವರು ಹೀಗೇ ವರ್ಷಗಟ್ಟಲೆ ಕೂತಿದ್ದಾರೆ, ವಿವರಿಸಬೇಕಿಲ್ಲ. ಎಚ್-4ನವರಲ್ಲಿ ಕೆಲವರಿಗೆ ಕೆಲಸದ ಪರವಾನಗಿ ಕೊಡುವ ನಿಯಮ ಬಂದದ್ದು 2015ರ ಮೇ ತಿಂಗಳಲ್ಲಿ. ನಮ್ಮ ಐ-140 ಮಂಜೂರಾದದ್ದು 2022ರಲ್ಲಿ, ಮನೆಯವರ ಕಾರ್ಡು ಕೈಗೆ ಬಂದದ್ದು 2023ರಲ್ಲಿ. ಕಾರ್ಡು ಬಂದ ದಿನ ಅವರು ಅದನ್ನು ಸೂಜಿ ಡಬ್ಬಿಯಲ್ಲಿ ಇಟ್ಟರು.

ಕಳೆದ ವರ್ಷ ನಮ್ಮ ಬೀದಿಯ ಒಬ್ಬ ಹಿರಿಯ ಹೆಂಗಸು ಎರಡು ಚೀಲ ಹಿಡಿದು ಬಂದರು. ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು. ಚೀಲದಲ್ಲಿ ಅವರ 14 ಅಂಗಿ, ಹೆಚ್ಚಿನವು ಫ್ಲಾನೆಲ್. "ಇದರಲ್ಲಿ ನಿಮ್ಮ ಥರದ ಒಂದು ಹೊದಿಕೆ ಆಗುತ್ತಾ? ಎಷ್ಟಾಗುತ್ತೆ ಹೇಳಿ" ಅಂತ ಕೇಳಿದರು. ನಾವು ಆಗುತ್ತೆ ಅಂದೆವು. ಎಷ್ಟು ಅನ್ನೋದಕ್ಕೆ ಉತ್ತರ ಸಿಗಲು ನಾಲ್ಕು ತಿಂಗಳು ಹಿಡಿಯಿತು.

ಕೆಲಸ ಶುರುವಾದ ದಿನದಿಂದ ನಾವು ನೋಟ್‌ಬುಕ್ ತೆರೆದೆವು. ಮೊದಲು ಎಲ್ಲ ಅಂಗಿ ಬಿಸಿನೀರಿನಲ್ಲಿ ಒಗೆದು ಒಣಗಿಸುವುದು. ಫ್ಲಾನೆಲ್ ಕುಗ್ಗುತ್ತದೆ, ಹೊಲಿದ ಮೇಲೆ ಕುಗ್ಗಿದರೆ ಕೌದಿ ಮುದುಡಿಕೊಳ್ಳುತ್ತದೆ. ಪಾಲಿಯೆಸ್ಟರ್ ಇದ್ದ ಎರಡು ಅಂಗಿ ಪಕ್ಕಕ್ಕೆ. ಕಾಲರು, ಗುಂಡಿಪಟ್ಟಿ ಬಿಚ್ಚುವುದಕ್ಕೇ ಎರಡು ಸಂಜೆ. ಒಂದು ಜೇಬನ್ನು ಮಾತ್ರ ಬಿಚ್ಚಲಿಲ್ಲ, ಹಾಗೇ ಇಟ್ಟು ಹೊಲಿದರು. ಅಳತೆ 60ಕ್ಕೆ 80 ಇಂಚು. ಸಾಲಿಗೂ ಸಾಲಿಗೂ ಅರ್ಧ ಇಂಚು ಅಂತ ಹಿಡಿದರೆ 9,600 ಇಂಚು ಹೊಲಿಗೆ, ಅಂದರೆ ಹತ್ತಿರ ಹತ್ತಿರ 244 ಮೀಟರು. ಇಂಚಿಗೆ ನಾಲ್ಕು ಅಂದರೂ 38,400 ಹೊಲಿಗೆ. ಸುಧಾ ಮೂರ್ತಿಯವರ 'ಮೂರು ಸಾವಿರ ಹೊಲಿಗೆಗಳು' ಓದಿದವರಿಗೆ ನೆನಪಿರಬಹುದು. ಅಲ್ಲಿ ಮೂರು ಸಾವಿರ ಹೆಂಗಸರು ತಲಾ ಒಂದೊಂದು ಹೊಲಿಗೆ ಹಾಕಿದ ಕೌದಿ ಇದೆ. ಇಲ್ಲಿ ಎಲ್ಲ ಹೊಲಿಗೆಯೂ ಒಬ್ಬರದೇ. ಎಲ್ಲ ಸೇರಿ 126 ತಾಸು. ದಾರ, ಸೂಜಿ, ಕೆಳಗಿನ ಹಳೇ ಹಾಸು ಸೇರಿ 23 ಡಾಲರ್.

ವಾಷಿಂಗ್ಟನ್ ರಾಜ್ಯದ ಕನಿಷ್ಠ ಕೂಲಿ 2025ರಲ್ಲಿ ತಾಸಿಗೆ 16.66 ಡಾಲರ್. ಸ್ವಂತ ಕೆಲಸಕ್ಕೆ ಆ ಕಾನೂನು ಅನ್ವಯಿಸುವುದಿಲ್ಲ, ಆದರೂ ಅಳೆಯಲು ಒಂದು ಕೋಲು ಬೇಕಲ್ಲ. ಗುಣಿಸಿದರೆ 2,099.16. ಸಾಮಾನು ಸೇರಿ 2,122.16. ಕಾಗದ ತೋರಿಸಿದೆವು.

"ಎರಡ ಸಾವಿರ ಡಾಲರ್ ಕೌದಿ ಹೊದ್ಕೊಂಡು ಯಾರಿಗೆ ನಿದ್ದಿ ಬರ್ತದ್ರೀ? ಎರಡೂವರೆ ನೂರು ಸಾಕು."

"ತಾಸಿಗೆ ಒಂದು ಡಾಲರ್ 80 ಸೆಂಟ್ ಬಿತ್ತು ಹಂಗಂದ್ರ."

"ಗಂಡನ್ನ ಕಳಕೊಂಡಾರ ಆಕಿ. ಅವರ ಅಂಗಿ ಮ್ಯಾಲೆ ರೊಕ್ಕ ಎಣಸೂದು ಚಂದ ಕಾಣ್ತದೇನು?"

ಇದಕ್ಕೆ ನಮ್ಮ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ನಮ್ಮ ಅವ್ವನೂ ಹಾಗೇ ಹೇಳುತ್ತಿದ್ದಳು. ಆದರೆ ಕಟ್ಟೆ ಮೇಲೆ ಕೂತ ಹೆಂಗಸರಿಗೆ ಅದೇ ಅವ್ವ ಕೂಲಿ ಕೊಡದೆ ಕಳಿಸಿದ್ದಿಲ್ಲ. ಅವರು ಹೊಲಿದದ್ದೂ ತೀರಿಹೋದ ಅಜ್ಜಿಯ ಸೀರೆಗಳನ್ನೇ. ಹೊರಗಿನವರು ಹೊಲಿದರೆ ಕೂಲಿ, ಮನೆಯಾಕೆ ಹೊಲಿದರೆ ಪ್ರೀತಿ ಅನ್ನುವುದು ಹಳೇ ಪದ್ಧತಿ. ಲೆಕ್ಕದವರ ಕಣ್ಣಿಗೆ ಅದು ಪುಸ್ತಕದಲ್ಲಿ ಏರದ ಖರ್ಚು. ಏಳು ವರ್ಷ ಕಾನೂನೂ ಅದನ್ನು ಏರಿಸಲು ಬಿಟ್ಟಿರಲಿಲ್ಲ. ಈಗ ಕಾರ್ಡು ಇದ್ದಾಗಲೂ ನಾವೇ ಕೈಬಿಟ್ಟರೆ ಹೇಗೆ?

ಆ ದಿನಗಳಲ್ಲೇ ಲೈಬ್ರರಿಯಿಂದ ಜೀಸ್ ಬೆಂಡ್ ಕೌದಿಗಳ ಪುಸ್ತಕ ತಂದಿದ್ದೆವು. ಅಲಬಾಮಾದ ನದಿ ತಿರುವಿನಲ್ಲಿರುವ ಒಂದು ಸಣ್ಣ ಕಪ್ಪು ಜನರ ಊರು. ಕೆಲಸದ ಪ್ಯಾಂಟು, ಹಿಟ್ಟಿನ ಚೀಲ, ಗಂಡನ ಅಂಗಿ ಹರಿದು, ಅಳತೆ-ನಕ್ಷೆಯ ಹಂಗಿಲ್ಲದೆ ಹೊಲಿದ ಕೌದಿಗಳು. ಪುಟ ತಿರುವುತ್ತ ಮನೆಯವರು "ಇವರೂ ನಮ್ಮೂರವರೇ" ಅಂದುಬಿಟ್ಟರು. 1966ರಲ್ಲಿ, ಮತದ ಹಕ್ಕಿನ ಹೋರಾಟದ ಕಾಲದಲ್ಲಿ, ಆ ಕಡೆಯ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿ ಕೌದಿ ಮಾರಿದರು. 2002ರಲ್ಲಿ ಅವರ ಕೌದಿಗಳು ಹ್ಯೂಸ್ಟನ್ ಮ್ಯೂಸಿಯಂನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿಯಲ್ಲಿ ಗೋಡೆ ಏರಿದವು. 2006ರಲ್ಲಿ ಅಂಚೆಚೀಟಿಯೂ ಆಯಿತು. ಬಂದ ಹಣದ ಪಾಲಿಗಾಗಿ 2007ರಲ್ಲಿ ಕೆಲವರು ಕೋರ್ಟಿಗೂ ಹೋಗಿ, ಮರುವರ್ಷ ರಾಜಿಯಾಯಿತು. ಹೊಗಳಿಕೆ ಬೇಗ ಬರುತ್ತದೆ, ರೊಕ್ಕ ಹಿಂದಿನಿಂದ ಕುಂಟುತ್ತ ಬರುತ್ತದೆ. ಮನೆಯವರು ಆ ರಾತ್ರಿ ಮಾತಾಡಲಿಲ್ಲ. ಬೆಳಿಗ್ಗೆ, "ಆ ನೋಟ್‌ಬುಕ್ ಅವರಿಗೇ ತೋರಿಸೋಣ್ರಿ, ನೋಡಿ ಅವರೇ ಹೇಳಲಿ" ಅಂದರು.

ಮುಗಿಸುವ ದಿನ ಅವರನ್ನು ಕರೆದೆವು. ಕೊನೆಯ ಒಂದು ಗೇಣು ತೆರೆದೇ ಇತ್ತು. ನಮ್ಮ ಮನೆಯಲ್ಲಿ ಕೌದಿಯ ಬಾಯಿ ಮುಚ್ಚುವ ಮುಂಚೆ ಒಳಗೆ ಒಂದು ಚಿಟಿಕೆ ಕಾಳು ಹಾಕುತ್ತಾರೆ. ಕೌದಿ ಹಸಿದಿರಬಾರದು, ಹೊದ್ದವರೂ ಹಸಿದಿರಬಾರದು ಅಂತ. ಹೇಳಿದ ಕೂಡಲೇ ಅವರು "ಓಟ್ಸ್ ಆಗುತ್ತಾ? ಅವರು ದಿನಾ ಅದನ್ನೇ ತಿನ್ನುತ್ತಿದ್ದರು" ಅಂತ ಮನೆಗೆ ಹೋಗಿ ಮುಷ್ಟಿಯಲ್ಲಿ ತಂದರು. ಹುರಿದು ಹಾಕಿದೆವು, ಹುಳ ಬರಬಾರದಲ್ಲ.

ಆಮೇಲೆ ನೋಟ್‌ಬುಕ್ ಕೊಟ್ಟೆವು. ಅವರು ಕನ್ನಡಕ ಹಾಕಿ ಒಂದೊಂದು ದಿನದ ಸಾಲೂ ಓದಿದರು. ಎರಡೂವರೆ ನೂರು ಅಂತ ಮನೆಯವರು ಹೇಳಿದ್ದಕ್ಕೆ ಅವರಿಗೆ ಸಿಟ್ಟೇ ಬಂತು. "ನನ್ನ ಗಂಡ 31 ವರ್ಷ ಯೂನಿಯನ್ ಬಡಗಿ. ಅವನ ಅಂಗಿ ಮೇಲೆ ತಾಸಿಗೆ ಎರಡು ಡಾಲರಿಗೆ ದುಡಿಸಿಕೊಂಡೆ ಅಂದರೆ ಅವನು ನನ್ನ ಜೊತೆ ಮಾತು ಬಿಡ್ತಾನೆ" ಅಂದರು. ಪೂರ್ತಿ ಕೊಡಲು ಪಿಂಚಣಿಯಲ್ಲಿ ಆಗುವುದಿಲ್ಲ ಅಂತಲೂ ನೇರವಾಗಿ ಹೇಳಿದರು. 1,200ಕ್ಕೆ ಮಾತಾಯಿತು, ತಿಂಗಳಿಗೆ 300ರಂತೆ ನಾಲ್ಕು ಕಂತು. ಸಾಮಾನಿನ ಖರ್ಚು ಕಳೆದರೆ ತಾಸಿಗೆ 9.34. ಕನಿಷ್ಠ ಕೂಲಿ ಮುಟ್ಟಲಿಲ್ಲ. ಆದರೂ ಇದು ಬರವಣಿಗೆಯಲ್ಲಿ ಬಂದ ಮೊದಲ ಕೂಲಿ.

ಹಳಿಯಾಳಕ್ಕೆ ಫೋನ್ ಮಾಡಿ ರೂಪಾಯಿಯಲ್ಲಿ ಹೇಳಿದಾಗ, ಲಕ್ಷ ದಾಟಿತ್ತು, ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಟ್ಟಿ ತುಂಬಿಸಿದಿ ಇಲ್ಲೋ ಅದಕ್ಕ?" ಅಂತಷ್ಟೇ ಕೇಳಿದರು.

ಕಾರ್ಡು ಇದ್ದು ಮನೆಯಲ್ಲಿ ಏನಾದರೂ ಮಾಡಿ ಮಾರುವವರಿಗೆ ಒಂದೆರಡು ವಿಷಯ. ಖರ್ಚು ಕಳೆದು ವರ್ಷಕ್ಕೆ 400 ಡಾಲರ್ ಅಥವಾ ಹೆಚ್ಚು ಉಳಿದರೆ ಶೇಕಡಾ 15.3ರ ಸ್ವಂತ ಉದ್ಯೋಗದ ತೆರಿಗೆ ಬರುತ್ತದೆ. ವಾಷಿಂಗ್ಟನ್‌ನಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ನಿಶ್ಚಿಂತೆ ಬೇಡ, ಮಾರಾಟ ತೆರಿಗೆ ವಸೂಲಿ ಮಾಡಿ ಕಟ್ಟಬೇಕು, ಅದು ಶೋರ್‌ಲೈನ್‌ನಲ್ಲಿ ಶೇಕಡಾ 10ಕ್ಕೂ ಹೆಚ್ಚು. ಬಿಸಿನೆಸ್ ಲೈಸೆನ್ಸ್ ಮೊದಲೇ ತೆಗೆಸಿ. ತಾಸುಗಳನ್ನು ಅಂದಂದೇ ಬರೆದಿಡಿ. ಇನ್ನೊಂದು: ಮೊದಲಾದರೆ ಅವಧಿಗೆ ಮುಂಚೆ ಅರ್ಜಿ ಹಾಕಿ, ಐ-94 ಚಾಲ್ತಿಯಲ್ಲಿದ್ದರೆ ಹಳೇ ಕಾರ್ಡಿನ ಮೇಲೆ ಕೆಲಸ ಮುಂದುವರಿಸಬಹುದಿತ್ತು. 2025ರ ಅಕ್ಟೋಬರ್ 30ರಿಂದ ಹಾಕುವ ನವೀಕರಣದ ಅರ್ಜಿಗಳಿಗೆ ಆ ಅನುಕೂಲ ಇಲ್ಲ. ಹೊಸ ಕಾರ್ಡು ಕೈಗೆ ಬರುವ ತನಕ ಕೈ ಕಟ್ಟಿ ಕೂರಬೇಕು. ನಿಮ್ಮ ನಿಮ್ಮ ವಕೀಲರನ್ನು ಕೇಳಿಕೊಳ್ಳಿ.

ಮನೆಯವರ ಕಾರ್ಡು ಈ ಆಗಸ್ಟಿಗೆ ಮುಗಿಯುತ್ತದೆ. ಅರ್ಜಿ ಹೋಗಿದೆ. ಬಡಗಿಯ ಕೌದಿ ನೋಡಿದ ಇಬ್ಬರು ಕೇಳಿದ್ದಾರೆ: ಎಡ್ಮಂಡ್ಸ್‌ನ ಒಬ್ಬರು ಅಮ್ಮನ ಏಪ್ರನ್ನುಗಳನ್ನು ಹಿಡಿದು, ಬೋಥೆಲ್‌ನ ನಮ್ಮವರೇ ಒಬ್ಬರು ಅಜ್ಜಿಯ ಐದು ಸೀರೆ ಹಿಡಿದು. ತಾಸಿನ ಲೆಕ್ಕ ಹಾಕಿ ನೋಡಿದರೆ ಆಗಸ್ಟಿನೊಳಗೆ ಒಂದೇ ಆಗುವುದು. ಎಡ್ಮಂಡ್ಸ್‌ನವರದು ಒಪ್ಪಿಕೊಂಡಿದ್ದೇವೆ. ಬೋಥೆಲ್‌ನವರಿಗೆ ಕಾರ್ಡು ಬರಲಿ, ಅಲ್ಲಿ ತನಕ ಸೀರೆ ನಿಮ್ಮ ಹತ್ತಿರವೇ ಇರಲಿ ಅಂದಿದ್ದೇವೆ. ಅವರು ಕೇಳಲಿಲ್ಲ. ಗಂಟು ನಮ್ಮ ಗ್ಯಾರೇಜಿನಲ್ಲೇ ಇದೆ, ಹೀಟರಿನ ಪಕ್ಕ.