ಗವಾಯಿಗಳ ಗಾಡಿ

ಮೃಗಶಿರಾ ಮಳೆಯು ಒಂದೆರಡು ಹದವಾಗಿ ಬಿದ್ದು, ಹನುಮಸಾಗರದ ಸುತ್ತಣ ಮಸಾರಿ ಹೊಲಗಳಲ್ಲಿ ಸಜ್ಜೆಯ ಬಿತ್ತನೆಗೆ ಕೂರಿಗೆಗಳು ಸಿದ್ಧವಾಗುತ್ತಿದ್ದ ಸಮಯದಲ್ಲಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳ ಪುಣ್ಯಸ್ಮರಣೆಗೆ ಸಂಗೀತಸೇವೆ ಸಲ್ಲಿಸಲೆಂದು ಹೊರಟಿದ್ದ ನಮ್ಮ ಸೀಮೆಯ ಗಾಯಕವಾದಕರ ಮೇಳವೊಂದರೊಡನೆ ಪಯಣಿಸುವ ಅವಕಾಶವು ನನಗೆ ಒದಗಿತು. ಹಾಡಲು ಬಾರದ, ಬಾರಿಸಲು ತಿಳಿಯದ, ಕೇವಲ ಕೇಳಬಲ್ಲ ನನ್ನಂಥವನಿಗೆ ಅಂತಹ ಗಾಡಿಯಲ್ಲಿ ದೊರೆಯತಕ್ಕ ಸ್ಥಾನವು ಚಾಲಕನ ಎಡಬದಿಯ ಆಸನವೊಂದೇ. ಅಲ್ಲಿ ಕುಳಿತದ್ದರಿಂದಲೇ ನಾನು ಕಲಾವಿದರಿಗಿಂತ ಹೆಚ್ಚಾಗಿ ಚಾಲಕನನ್ನು ಗಮನಿಸುವಂತಾಯಿತು.

ಮೇಳದವರೆಲ್ಲರೂ ಆತನನ್ನು 'ಕಾಕಾ' ಎಂದು ಕರೆಯುತ್ತಿದ್ದರು; ಹಿರಿಯ ಗವಾಯಿಗಳು ಮಾತ್ರ 'ತಮ್ಮಾ' ಎನ್ನುತ್ತಿದ್ದರು. ಐವತ್ತು ದಾಟಿದ ವಯಸ್ಸು, ಎಲೆಯಡಿಕೆಯಿಂದ ಕೆಂಪೇರಿದ ತುಟಿ, ಮಿತವಾದ ಮಾತು. ಗಾಡಿಗೆ ಸಾಮಾನು ಏರಿಸುವ ಕಾರ್ಯದಲ್ಲಿ ಆತನು ಅನ್ಯರ ಕೈಯನ್ನು ಸಹಿಸುತ್ತಿರಲಿಲ್ಲ. ತಬಲಾದ ಗಂಟನ್ನು ಮುಂಭಾಗದಲ್ಲಿ ಇಡಹೋದ ಹುಡುಗನೊಬ್ಬನನ್ನು ತಡೆದು, ಎಂಜಿನ್ನಿನ ಕಾವಿಗೆ ತೊಗಲು ಬಿಗಿದು ಸ್ವರವೇರುವುದೆಂದೂ, ಮಳೆಗಾಳಿಗೆ ಅದೇ ತೊಗಲು ಸಡಿಲಿ ಇಳಿಯುವುದೆಂದೂ, ಆದಕಾರಣ ಅದರ ಜಾಗವು ನಡುವಣ ಆಸನದ ಕೆಳಗೆ, ಎರಡೂ ಕಿಟಕಿಗಳಿಂದ ಸಮದೂರದಲ್ಲಿ ಇರತಕ್ಕದ್ದೆಂದೂ ಎರಡೇ ಮಾತಿನಲ್ಲಿ ತಿಳಿಸಿದನು. ಹಾರ್ಮೋನಿಯಮ್ಮಿನ ಪೆಟ್ಟಿಗೆಯನ್ನು ಧೂಳು ಹೊಗದಂತೆ ಗೋಣಿಚೀಲದಲ್ಲಿ ಸುತ್ತಿದನು. ಮೀರಜದಲ್ಲಿ ಮಾಡಿಸಿ ತಂದ ತಂಬೂರಿಯನ್ನು ಎಲ್ಲಕ್ಕಿಂತ ಕಡೆಗೆ, ಹಳೆಯ ಕೌದಿಯಲ್ಲಿ ಮುಚ್ಚಿ, ಬುರುಡೆಯು ಯಾವ ಕಬ್ಬಿಣಕ್ಕೂ ತಾಗದ ಹಾಗೆ ಹಿಂದಿನ ಆಸನದ ಮೂಲೆಯಲ್ಲಿ ನಿಲ್ಲಿಸಿ, ಅದಕ್ಕೆ ಒರಗಿ ಕೂಡತಕ್ಕವರು ಯಾರೆಂಬುದನ್ನು ಸಹ ತಾನೇ ನಿಶ್ಚಯಿಸಿದನು. ದಪ್ಪನೆಯ ದೇಹದ ತಾಳದವರು ಆ ಹುದ್ದೆಗೆ ನೇಮಕಗೊಂಡರು. ಆಸನದ ಬದಿಯ ಡಬ್ಬಿಯಲ್ಲಿ ಲವಂಗ, ಜ್ಯೇಷ್ಠಮಧುವಿನ ತುಂಡು, ಒಂದು ಥರ್ಮಾಸಿನಲ್ಲಿ ಜೀರಿಗೆಯ ಬಿಸಿನೀರು. ಗಾಡಿಯಲ್ಲಿ ಹವಾನಿಯಂತ್ರಣದ ಸೌಕರ್ಯವಿದ್ದರೂ ಅದನ್ನು ಹಾಕುವ ಪದ್ಧತಿಯಿಲ್ಲ. ತಂಪುಗಾಳಿಯು ಕಂಠಕ್ಕೆ ವೈರಿಯೆಂಬುದು ಗಾಯಕರ ಅಚಲವಾದ ನಂಬಿಕೆ.

ಊರಿನಿಂದ ಗಜೇಂದ್ರಗಡದತ್ತ ಸಾಗುವ ಹಾದಿಯಲ್ಲಿ ಇಂದಿನ ಪ್ರವಾಸಿಗೆ ಗಡಿಯೆಂಬುದರ ಅರಿವು ಉಂಟಾಗುವುದು ಜಿಲ್ಲೆಯ ಹೆಸರನ್ನು ಬರೆದ ಹಲಗೆಯೊಂದರಿಂದ ಮಾತ್ರ. ಕೊಪ್ಪಳ ಮತ್ತು ಗದಗ ಇವೆರಡೂ 1997ರಲ್ಲಿ ಹುಟ್ಟಿದ ಜಿಲ್ಲೆಗಳು. ಆದರೆ 1948ರ ಸಪ್ಟಂಬರ 17ರವರೆಗೆ ಇದು ಎರಡು ಆಳ್ವಿಕೆಗಳ ನಡುವಣ ಸೀಮಾರೇಖೆಯಾಗಿತ್ತು: ಹಿಂದೆ ಬಿಟ್ಟುಬಂದ ಹನುಮಸಾಗರವು ನಿಜಾಮನ ರಾಯಚೂರು ಜಿಲ್ಲೆಗೆ ಸೇರಿದ ಕುಷ್ಟಗಿ ತಾಲೂಕಿನ ಊರು, ಮುಂದೆ ಕಾಣುವ ಗಜೇಂದ್ರಗಡವು ಮುಂಬಯಿ ಪ್ರಾಂತಕ್ಕೆ ಸಂಬಂಧಿಸಿದ್ದು. ಅತ್ತ ನಿಜಾಮನ ನಾಣ್ಯವಾದ ಹಾಲಿ ಸಿಕ್ಕಾ, ಇತ್ತ ಕಲ್ದಾರ ರೂಪಾಯಿ. ನಡುವೆ ಕರೋಡಗಿರಿಯೆಂಬ ಸುಂಕದ ನಾಕೆ. ನಿಜಾಮನ ವಿರುದ್ಧದ ಹೋರಾಟದ ಕಡೆಯ ದಿನಗಳಲ್ಲಿ ಇದೇ ಗಜೇಂದ್ರಗಡದಲ್ಲಿಯೂ ಅತ್ತ ಮುಂಡರಗಿಯಲ್ಲಿಯೂ ಶಿಬಿರಗಳು ಏರ್ಪಟ್ಟಿದ್ದುವು. ಅಂದಿನ ಕಾಲದಲ್ಲಿ ಗಾಯಕನೊಬ್ಬನು ನಮ್ಮ ಊರುಗಳ ಜಾತ್ರೆಯಲ್ಲಿ ಹಾಡಿ ಮರಳುವಾಗ, ದೊರೆತ ಬಿದಾಗಿಯನ್ನು ಬೇರೆ ನಾಣ್ಯಕ್ಕೆ ಪರಿವರ್ತಿಸಿಕೊಳ್ಳುವಷ್ಟರಲ್ಲಿಯೇ ಅದರ ಒಂದಂಶವು ಕರಗಿಹೋಗುತ್ತಿದ್ದಿರಬೇಕು. ರೈಲುದಾರಿಯ ನೆರವಾದರೂ ಈ ಕಡೆಗೆ ಇರಲಿಲ್ಲ. ಕುಷ್ಟಗಿಗೆ ರೈಲು ಬಂದದ್ದು 2025ರಲ್ಲಿ. ಆದುದರಿಂದ ಇಲ್ಲಿಯ ಸಂಗೀತವೆಲ್ಲವೂ ಮೊದಲು ಎತ್ತಿನ ಬಂಡಿಯ ಮೇಲೆ, ಆಮೇಲೆ ಬಸ್ಸಿನ ನೆತ್ತಿಯ ಮೇಲೆ, ಈಗ ಇಂತಹ ಬಾಡಿಗೆಯ ಗಾಡಿಗಳಲ್ಲಿ ಸಂಚರಿಸುತ್ತ ಬಂದಿದೆ.

ಪಂಚಾಕ್ಷರ ಗವಾಯಿಗಳ ಶಾಲೆಯೇ ಸಂಚಾರಿಯಾದುದಲ್ಲವೆ! 1892ರಲ್ಲಿ ಹಾನಗಲ್ಲ ಸೀಮೆಯಲ್ಲಿ ಹುಟ್ಟುಗುರುಡರಾಗಿ ಜನಿಸಿದ ಆ ಮಹನೀಯರು, ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಮೀರಜದ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನು ಅಭ್ಯಸಿಸಿ, ಅಂಧರೂ ಅನಾಥರೂ ಆದ ಬಾಲಕರನ್ನು ಕೂಡಿಸಿಕೊಂಡು ಊರಿಂದೂರಿಗೆ ಸಾಗುತ್ತ, ಇಳಿದಲ್ಲಿ ಪಾಠವನ್ನೂ ಉಂಡಲ್ಲಿ ಗಾಯನವನ್ನೂ ನಡೆಸಿಕೊಂಡು ಬಂದು, ಕೊನೆಗೆ ಗದಗಿನಲ್ಲಿ ನೆಲೆನಿಂತು 1944ರಲ್ಲಿ ಲಿಂಗೈಕ್ಯರಾದರು. ತರುವಾಯ ಆಶ್ರಮದ ಭಾರವನ್ನು ಹೊತ್ತ, ತಾವೂ ಅಂಧರಾದ ಪುಟ್ಟರಾಜ ಗವಾಯಿಗಳು ನಾಟಕಗಳನ್ನು ರಚಿಸಿ, ನಾಟ್ಯಸಂಘವನ್ನು ಊರೂರು ತಿರುಗಿಸಿ, ಅದರ ಉತ್ಪನ್ನದಿಂದ ಮಕ್ಕಳ ಅನ್ನವನ್ನು ಸಾಗಿಸಿದರು. ಇಷ್ಟು ದೊಡ್ಡ ಸಂಚಾರದಲ್ಲಿ ಬಂಡಿ ಹೂಡಿದವರು ಯಾರು, ಕತ್ತಲೆಯಲ್ಲಿ ಹಳ್ಳದ ಆಳವನ್ನು ನೋಡಿ ಎತ್ತುಗಳನ್ನು ದಾಟಿಸಿದವರು ಯಾರು ಎಂಬುದನ್ನು ನಾನು ಓದಿದ ಯಾವ ಚರಿತ್ರೆಯೂ ಹೇಳುವುದಿಲ್ಲ. ಕಣ್ಣಿಲ್ಲದವರ ಮೇಳಕ್ಕೆ ಅವರೇ ಕಣ್ಣಾಗಿದ್ದರೆಂಬುದು ನಿಸ್ಸಂಶಯ.

ಈ ಮಾತಿನ ಅರ್ಥವು ನನಗೆ ಪ್ರತ್ಯಕ್ಷವಾದುದು ಗಜೇಂದ್ರಗಡ ಸಮೀಪಿಸಿದಾಗ. ನಮ್ಮ ಹಿರಿಯ ಗವಾಯಿಗಳು ಆಶ್ರಮದಲ್ಲಿಯೇ ಕಲಿತ ಅಂಧರು; ಚಾಲಕನ ಬೆನ್ನ ಹಿಂದಿನ ಆಸನದಲ್ಲಿ, ಬಲಗೈಯನ್ನು ಮುಂದಿನ ಕಬ್ಬಿಣದ ಸರಳಿನ ಮೇಲಿರಿಸಿ ನೆಟ್ಟಗೆ ಕುಳಿತಿದ್ದರು. ಊರು ಬಿಟ್ಟ ಬಳಿಕ ಕಾಕಾ ಆಗಾಗ ಏನನ್ನೋ ಗುಣುಗುಟ್ಟುತ್ತಿರುವನೆಂದು ಭಾವಿಸಿದ್ದ ನಾನು ಕಿವಿಗೊಟ್ಟು ಕೇಳಲಾಗಿ, ಅದು ಹಾದಿಯ ವರದಿಯೆಂಬುದು ತಿಳಿದುಬಂದಿತು.

"ಗುಡ್ಡದ ಮ್ಯಾಲ ಗಾಳಿಪಂಖಾ ಕಾಣಾಕ ಹತ್ತಿದ್ವು ನೋಡ್ರಿ, ಗವಾಯಿಗಳ."

"ತಿರಗಾಕ ಹತ್ತ್ಯಾವೇನು?"

"ಮೂರು ತಿರಗತಾವ. ಒಂದು ಸುಮ್ಮನ ನಿಂತೈತಿ."

"ಯಾವ ಲಯದಾಗ ತಿರಗತಾವೋ ತಮ್ಮಾ?"

ಕಾಕಾ ಗಾಡಿಯ ವೇಗವನ್ನು ತಗ್ಗಿಸಿ, ತಲೆ ಹೊರಹಾಕಿ, ಆ ಬಿಳಿಯ ಮಹಾಚಕ್ರಗಳನ್ನು ಕೆಲಹೊತ್ತು ಪರೀಕ್ಷಿಸಿ, "ವಿಲಂಬಿತ ಏಕತಾಲರೀ" ಎಂದನು. "ಅಷ್ಟು ವಿಲಂಬಿತ ಆದ್ರ ನಾ ಬಾರಸಂಗಿಲ್ಲಪಾ, ಸಮ್ಮಿಗೆ ಬರೂದರಾಗ ನಿದ್ದಿ ಬರತೈತಿ" ಎಂದು ತಬಲಾದವರು ಹಿಂದಿನಿಂದ ಕೂಗಿದರು. ಗವಾಯಿಗಳು ಮಾತ್ರ ನಗಲಿಲ್ಲ. ಸರಳಿನ ಮೇಲೆ ಬೆರಳಿನಿಂದ ಆ ಲಯವನ್ನು ಹಿಡಿದು ನೋಡುತ್ತಿದ್ದರು.

ನಾನು ಓದಿರುವ ಪ್ರವಾಸ ಕಥನಗಳಲ್ಲಿ ಬಹುಪಾಲು ಆಕಾಶದ ಬಣ್ಣವನ್ನು ಹೇಳುತ್ತವೆ, ಲೇಖಕನ ಹೃದಯದ ಸ್ಥಿತಿಯನ್ನು ಹೇಳುತ್ತವೆ. ಕೇಳುವವನಿಗೆ ಏನು ಬೇಕೆಂಬುದನ್ನು ವಿಚಾರಿಸುವುದಿಲ್ಲ. ಕಾಕಾನ ವರ್ಣನೆಯಲ್ಲಿ ವಿಶೇಷಣಗಳೇ ಇಲ್ಲ. ಯಾವ ಹೊಲದಲ್ಲಿ ಬಿತ್ತನೆ ಮುಗಿದಿದೆ, ಯಾವ ಕೆರೆಯಲ್ಲಿ ನೀರು ಎಷ್ಟು ಕಟ್ಟೆಗೆ ಬಂದಿದೆ, ಕಾಲಕಾಲೇಶ್ವರನ ಗುಡ್ಡದ ಮೇಲೆ ಮೋಡವು ಕುಳಿತಿದೆಯೋ ಎದ್ದಿದೆಯೋ, ರಸ್ತೆಯಲ್ಲಿ ಎದುರಾದವರು ಮದುವೆಯವರೋ ಮಣ್ಣಿಗೆ ಹೊರಟವರೋ, ಇಷ್ಟೇ. ಉಬ್ಬುಗಳು ಬಂದಾಗ ಮಾತ್ರ ಮುಂಚಿತವಾಗಿ "ಹಂಪ್ ಬಂತ್ರೀ" ಎನ್ನುವನು; ಆಗ ಹಿಂದೆ ತಂಬೂರಿಯನ್ನು ಹಿಡಿದಿದ್ದ ತಾಳದವರು ತಮ್ಮ ತೋಳನ್ನು ಬಿಗಿಗೊಳಿಸುವರು, ಗಾಡಿಯು ಓರೆಯಾಗಿ, ಒಂದೊಂದೇ ಗಾಲಿಯನ್ನಿಟ್ಟು ಅದನ್ನು ಹತ್ತಿ ಇಳಿಯುವುದು. ಹಾರ್ನನ್ನು ಆತನು ಒತ್ತಿದ್ದು ಅತಿ ವಿರಳ. ಕಾರಣವನ್ನು ಹಾರ್ಮೋನಿಯಮ್ಮಿನವರು ಹೇಳಿದರು: "ಆ ಹಾರ್ನ್ ಬಿಳಿ ಮೂರಕ್ಕೂ ಇಲ್ಲ, ಕರಿ ಎರಡಕ್ಕೂ ಇಲ್ಲರೀ. ಒಂದ ಸಲ ಒತ್ತಿದ್ರ ಅರ್ಧ ತಾಸು ನಮ್ಮ ಕಿವಿ ಕೆಡತೈತಿ."

ನರೇಗಲ್ಲಿನಲ್ಲಿ ಚಹಾ ಕುಡಿದೆವು. ಗಂಗರ ಬೂತುಗನ ರಾಣಿ ಪದ್ಮಬ್ಬರಸಿಯು ಹತ್ತನೆಯ ಶತಮಾನದಲ್ಲಿ ಕಟ್ಟಿಸಿದ ಬಸದಿಯನ್ನು ನೋಡಬೇಕೆಂಬ ನನ್ನ ಬಯಕೆಯನ್ನು ಮೇಳವು ಒಕ್ಕೊರಲಿನಿಂದ ತಿರಸ್ಕರಿಸಿತು. ಕಲಾವಿದರಿಗೆ ಕಾರ್ಯಕ್ರಮಕ್ಕೆ ಮುನ್ನ ಪುರಾತತ್ತ್ವದಲ್ಲಿ ಆಸಕ್ತಿ ಹುಟ್ಟುವುದಿಲ್ಲ. ಅಂಗಡಿಯವನು ಬಿಸಿಬಿಸಿ ಮಿರ್ಚಿಯ ತಟ್ಟೆಯನ್ನು ಮುಂದಿಟ್ಟಾಗ ಗಾಯಕರು ಮುಖ ತಿರುಗಿಸಿದರು, ಚಾಲಕನೂ ತಬಲಾದವರೂ ನಾನೂ ಸೇರಿ ಅದನ್ನು ಖಾಲಿ ಮಾಡಿದೆವು. ಅಲ್ಲಿಯೇ ಕಾಕಾ ತನ್ನ ವೃತ್ತಿಯ ಕಥೆಯನ್ನು ಕೊಂಚ ಬಿಚ್ಚಿದನು.

ಹದಿನಾರರ ಹರೆಯದಲ್ಲಿ ನಾಟಕ ಕಂಪನಿಯೊಂದರ ಲಾರಿಯಲ್ಲಿ ಕ್ಲೀನರನಾಗಿ ಸೇರಿದವನು. ಪರದೆಗಳ ಸುರುಳಿ, ಥೇಟರಿನ ತಗಡು, ಕುರ್ಚಿ, ರಾಜಸಿಂಹಾಸನ, ಇವೆಲ್ಲವನ್ನೂ ಒಂದೇ ರಾತ್ರಿಯಲ್ಲಿ ಬಿಚ್ಚಿ ಹೇರಿ, ಬೆಳಗಾಗುವುದರೊಳಗೆ ಬೇರೊಂದು ಊರಿನಲ್ಲಿ ಇಳಿಸತಕ್ಕ ಕೆಲಸ. ಪುಷ್ಯಮಾಸದಲ್ಲಿ ಬಾದಾಮಿಯ ಬನಶಂಕರಿ ಜಾತ್ರೆಗೆ ಕಂಪನಿಗಳು ಸಾಲುಸಾಲಾಗಿ ಬಂದು ತಿಂಗಳುಗಟ್ಟಲೆ ಬಿಡಾರ ಹೂಡುವ ವಾಡಿಕೆ ಇರುವುದರಿಂದ, ಆಗ ಮಾತ್ರ ಲಾರಿಗೆ ವಿಶ್ರಾಂತಿ, ಕ್ಲೀನರನಿಗೆ ನಾಟಕ. ಕಂಪನಿ ಮುಳುಗಿದ ಮೇಲೆ ಸಾಲದ ಮೇಲೆ ಈ ಗಾಡಿಯನ್ನು ಕೊಂಡನು. ಪುಷ್ಯದಿಂದ ವೈಶಾಖದವರೆಗೆ ಜಾತ್ರೆಗಳು, ಶ್ರಾವಣದಲ್ಲಿ ಮಠಗಳ ಪುರಾಣ ಪ್ರವಚನಗಳು: ಈ ಎರಡು ಸುಗ್ಗಿಗಳಲ್ಲಿ ಗವಾಯಿಗಳು. ಉಳಿದ ದಿನಗಳಲ್ಲಿ ಮದುವೆಯವರು, ಶ್ರೀಶೈಲಕ್ಕೆ ನಡೆದು ಹೋಗುವವರ ಬುತ್ತಿಯ ಗಂಟುಗಳು, ಮಂಗಳೂರಿಗೂ ಗೋವೆಗೂ ದುಡಿಯಲು ಹೋಗತಕ್ಕ ಬಡವರು. ಚಾಲಕನಿಗೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸಿಗಿಂತ ಹೆಚ್ಚು ಕೆಲಸವಿರಕೂಡದೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ವಿಧಿಸಿತ್ತೆಂದು ನಾನು ಹೇಳಿದಾಗ ಆತನು ಆಸಕ್ತಿಯಿಂದ ಕೇಳಿದನು, ಅದು ಐವರಿಗಿಂತ ಕಡಮೆ ಕಾರ್ಮಿಕರಿರುವಲ್ಲಿಗೆ ಅನ್ವಯಿಸುತ್ತಿರಲಿಲ್ಲವೆಂದು ಮುಂದುವರಿಸಿದಾಗ, "ನಮ್ಮ ಕಂಪನ್ಯಾಗ ಮಾಲಕನೂ ನಾನ, ಆಳೂ ನಾನ. ನಾಕ ಮಂದಿ ಕಡಿಮಿ ಬಿದ್ದಾರ" ಎಂದು ಎದ್ದು ಗಾಡಿಯತ್ತ ನಡೆದನು.

ನರೇಗಲ್ಲಿನಿಂದಾಚೆ ಎರೆಯ ಭೂಮಿ. ಹೆಸರು ಬಿತ್ತಿದ ಕಪ್ಪು ಹೊಲಗಳ ಮೇಲೆ ಸಣ್ಣದೊಂದು ಮಳೆಯಾಗಿತ್ತು. ಕಾಕಾ ಬಾಯಿ ತೆರೆಯುವುದಕ್ಕಿಂತ ಮುಂಚೆಯೇ ಗವಾಯಿಗಳು "ಎರಿ ಬಂತಲ್ಲೋ ತಮ್ಮಾ" ಎಂದು, ಕಿಟಕಿಯ ಗಾಜನ್ನು ತೆರೆಯಲು ಹೇಳಿದರು. ಕೋಟುಮಚಗಿಯನ್ನು ಹಾಯ್ದು ದೀಪ ಹಚ್ಚುವ ಹೊತ್ತಿಗೆ ಗದಗನ್ನು ತಲಪಿದೆವು.

ಗದಗಿನಿಂದಲೇ 1933ರಲ್ಲಿ ಹನ್ನೊಂದು ವರ್ಷ ವಯಸ್ಸಿನ ಭೀಮಸೇನ ಜೋಶಿಯವರು ಗುರುವನ್ನರಸಿ ಮನೆಬಿಟ್ಟು ರೈಲು ಹತ್ತಿದ್ದು. ದೊಡ್ಡವರಾದ ಮೇಲೆ ಅವರಿಗೆ ಮೋಟಾರು ನಡೆಸುವ ಹುಚ್ಚು ಎಷ್ಟಿತ್ತೆಂದರೆ, ದೂರದ ಊರುಗಳ ಕಾರ್ಯಕ್ರಮಗಳಿಗೆ ತಾವೇ ಚಕ್ರ ಹಿಡಿದು ಹೋಗುತ್ತಿದ್ದರು; ವಿಮಾನದ ಪ್ರಯಾಣವೂ ಅಷ್ಟೇ ಧಾರಾಳವಾದುದರಿಂದ ಪು. ಲ. ದೇಶಪಾಂಡೆಯವರು ಅವರ ಗುರುಗಳಾದ ಸವಾಯಿ ಗಂಧರ್ವರ ಹೆಸರನ್ನು ತಿರುಚಿ 'ಹವಾಯಿ ಗಂಧರ್ವ'ರೆಂದು ವಿನೋದಿಸಿದ್ದುಂಟು. ಈ ಪ್ರಸಂಗವನ್ನು ಹೇಳಿದಾಗ ಕಾಕಾನಿಗೆ ಮೆಚ್ಚುಗೆಯಾದುದರ ಬದಲು ಚಿಂತೆಯಾದಂತೆ ಕಂಡಿತು. "ರಾತ್ರೆಲ್ಲಾ ಹಾಡಿ, ಮತ್ತ ಮುಂಜಾನೆ ತಾವ ಗಾಡಿ ಹೊಡಿತಿದ್ರೇನ್ರಿ? ಮತ್ತ ಮಲಗತಿದ್ರ್ಯಾವಾಗ?" ಎಂದು ಕೇಳಿದನು.

ನಿದ್ರೆಯೇ ಆತನ ವೃತ್ತಿಯ ಮೂಲಸಾಧನವೆಂಬುದನ್ನು ಅಂದಿನ ರಾತ್ರಿ ಅರಿತೆನು. ಗಾಯಕನ ಕೆಲಸವು ಮುಗಿದಾಗ ಚಾಲಕನದು ಪ್ರಾರಂಭವಾಗುವುದರಿಂದ, ಜಾತ್ರೆಯ ಗದ್ದಲವೆಲ್ಲವೂ ಸುತ್ತ ಮೊರೆಯುತ್ತಿರುವಾಗ, ಧ್ವನಿವರ್ಧಕವು ನೆತ್ತಿಯ ಮೇಲೆಯೇ ಕಟ್ಟಿದ್ದಾಗ್ಯೂ, ಹಾಡು ಆರಂಭವಾದೊಡನೆ ಮಲಗಿಬಿಡುವ ಶಿಸ್ತನ್ನು ಆತನು ಸಾಧಿಸಿದ್ದಾನೆ. ಇಷ್ಟು ವರ್ಷ ಗವಾಯಿಗಳನ್ನು ಹೊತ್ತು ತಿರುಗಿದವನು ಅವರ ಪೂರ್ಣ ಗಾಯನವನ್ನು ಕೇಳಿಯೇ ಇಲ್ಲವೆಂದು ನಾನು ಮರುಗಿದರೆ, ಆತನಿಗೆ ಆ ಮರುಕವು ಅರ್ಥವಾಗಲಿಲ್ಲ. ಏಳುವುದಕ್ಕೆ ಗಡಿಯಾರವೂ ಬೇಡ. ಕಡೆಗೆ ಹಾಡತಕ್ಕದ್ದು ಭೈರವಿಯಾದುದರಿಂದ, ಅದರ ಕೋಮಲ ಸ್ವರಗಳು ಕಿವಿಗೆ ಬಿದ್ದ ಕೂಡಲೇ ಎಚ್ಚರವಾಗಿ, ಮುಖ ತೊಳೆದು, ಗಾಲಿಯ ಗಾಳಿಯನ್ನು ನೋಡಿ ಸಿದ್ಧನಾಗುತ್ತಾನೆ. ಆದರೆ ಗದಗಿನಲ್ಲಿ ಈ ವ್ಯವಸ್ಥೆಯು ಕೆಡುವುದಂತೆ. ಸೇವೆಗೆ ಬಂದ ಮೇಳಗಳು ಒಂದರ ಹಿಂದೊಂದು ಅಲ್ಪಕಾಲವೇ ಹಾಡಿ ಇಳಿಯುವುದರಿಂದ, ನಡುರಾತ್ರಿಯಲ್ಲಿಯೇ ಯಾರೋ ಹುಡುಗನು ಭೈರವಿಯ ವಚನವನ್ನೆತ್ತುತ್ತಾನೆ. "ಅವಾಗ ಎದ್ದು ಕುಂದ್ರತೀನ್ರಿ. ನೋಡಿದ್ರ ನಮ್ಮವರು ಇನ್ನ ಹತ್ತೇ ಇಲ್ಲ."

ಹಾಗೆ ಎಚ್ಚರಗೊಂಡವನೊಡನೆ ಗಾಡಿಯ ಮೆಟ್ಟಿಲ ಮೇಲೆ ಕುಳಿತೇ ನಾನು ನಮ್ಮ ಗವಾಯಿಗಳ ಮಾಲಕಂಸವನ್ನು ಕೇಳಿದೆನು. ಅವರು ಷಡ್ಜವನ್ನು ಹಿಡಿದೊಡನೆ ಕಾಕಾ ತಲೆಯಾಡಿಸಿ, "ಬಿಳಿ ನಾಕರ ಧಣಿ, ಇವತ್ತ ಮೂರಕ್ಕ ಇಳಿದಾರ. ನರೇಗಲ್ಲದಾಗ ಕಿಟಕಿ ತಗಿಸಿದ್ರಲ್ಲ, ಅದಕ್ಕ" ಎಂದನು. ಮೇಲಿನ ಸಪ್ತಕದ ಕಡೆಗೆ ಕಂಠವು ಏರುವಾಗಲೊಮ್ಮೆ ಅದು ಕೊಂಚ ಒಡೆಯಿತು. ಅನಂತರ ಕೂಡಿಕೊಂಡಿತು.

ನಸುಕಿನಲ್ಲಿ ಎಲ್ಲರೂ ಗಾಡಿಯನ್ನು ಏರಿದಾಗ ಕಾಕಾ ಕೀಲಿಯನ್ನು ಅಂಗಿಯ ಜೇಬಿನಲ್ಲಿರಿಸಿ, ತಾನು ಎರಡು ತಾಸು ಮಲಗುವುದಾಗಿಯೂ, ಆಮೇಲೆಯೇ ಹೊರಡುವುದಾಗಿಯೂ ಸಾರಿದನು. ಬಿತ್ತನೆಯಿದ್ದವರು ಗೊಣಗಿದರು, ಒಬ್ಬರಿಗೆ ಶಾಲೆಯಿತ್ತು. ಹಿರಿಯ ಗವಾಯಿಗಳು, "ಇಳೀರಿ ಎಲ್ಲಾರೂ. ಅಂವ ಮಲಗಲಿ" ಎಂದು ತಾವೇ ಮೊದಲು ಇಳಿದರು. ಬಯಲಿನಲ್ಲಿ ಕುಳಿತು ಮಂದ್ರದಲ್ಲಿ ಸಾಧನೆಗೆ ತೊಡಗಿದ ಎಳೆಯ ಗಾಯಕನನ್ನೂ ಅವರು ದೂರ ಕಳುಹಿಸಿದರು, ಭೈರವಿಯನ್ನೆತ್ತಿಬಿಟ್ಟಾನೆಂಬ ಭಯವಿದ್ದಿರಬೇಕು.

ಹನುಮಸಾಗರಕ್ಕೆ ಬಂದಾಗ ಬಿಸಿಲೇರಿತ್ತು. ಅನ್ಯ ಊರುಗಳ ಕಾರ್ಯಕ್ರಮಗಳಲ್ಲಿ ಬಿದಾಗಿಯಿಂದ ಗಾಡಿಯ ಬಾಡಿಗೆಯನ್ನು ಮೊದಲು ತೆಗೆದಿಟ್ಟು ಉಳಿದುದನ್ನು ಹಂಚಿಕೊಳ್ಳುವುದು ರೂಢಿ. ಸೇವೆಯಲ್ಲಿ ಬಿದಾಗಿಯಿಲ್ಲದ್ದರಿಂದ ಹಾರ್ಮೋನಿಯಮ್ಮಿನವರು ತಲೆಗಿಷ್ಟೆಂದು ಕೂಡಿಸಿದ ಹಣವನ್ನು ಮುಂದೆ ಹಿಡಿದರು. ಕಾಕಾ ಎಣಿಸಿ, ಡೀಸೆಲ್ಲಿನ ಮಟ್ಟಿಗೆ ಇಟ್ಟುಕೊಂಡು ಮಿಕ್ಕುದನ್ನು ಹಿಂದಿರುಗಿಸಿದನು. "ಅಜ್ಜಾರ ಕೆಲಸಕ್ಕ ಇಷ್ಟ" ಎಂದವನು, ನನ್ನ ಕಡೆಗೆ ತಿರುಗಿ, ಮಧ್ಯಾಹ್ನ ಇಲಕಲ್ಲಿಗೆ ಸೀರೆಯ ಜವಳಿಗೆ ಹೋಗುವವರನ್ನು ಕರೆದೊಯ್ಯಬೇಕಾಗಿರುವುದರಿಂದ ಗಾಡಿ ತೊಳೆಯುವ ಮೊದಲು ನನ್ನ ಚೀಲವನ್ನು ತೆಗೆದುಕೊಳ್ಳಬೇಕೆಂದು ಕೇಳಿಕೊಂಡನು.