ಆರರಲ್ಲಿ ಒಬ್ಬಳು

ಜೀಪಿನಲ್ಲಿ ಆರು ಜನರಿದ್ದೆವು. ಐವರಿಗೆ ಸಿಂಹ ಬೇಕಿತ್ತು, ನನಗೆ ಹಕ್ಕಿ. ಇಂಥ ಜೀಪಿನಲ್ಲಿ ಹಕ್ಕಿ ನೋಡುವವಳೆಂದರೆ ಮದುವೆ ದಿಬ್ಬಣದ ಬಸ್ಸಿನಲ್ಲಿ ವಾಂತಿಗೆಂದು ಪದೇ ಪದೇ ನಿಲ್ಲಿಸುವ ಮಗುವಿದ್ದಂತೆ. ಯಾರೂ ಬಾಯಿಬಿಟ್ಟು ಬೈಯುವುದಿಲ್ಲ, ವಾಚು ಮಾತ್ರ ನೋಡಿಕೊಳ್ಳುತ್ತಾರೆ.

ಜಾಂಬಿಯಾದ ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನ, 9,050 ಚದರ ಕಿಲೋಮೀಟರ್ ಕಾಡು. ಅದರ ಅಂಚಿನಲ್ಲಿ ಮೈ ಹೊರಳಿಸುತ್ತ ಜಾಂಬೆಜಿಯ ಕಡೆಗೆ ಹೋಗುವ ಲುವಾಂಗ್ವಾ ನದಿ. ಅಕ್ಟೋಬರ್ ತಿಂಗಳಾದ್ದರಿಂದ ನದಿ ಸೊರಗಿ ಅರ್ಧ ಮರಳಾಗಿತ್ತು. ಉಳಿದ ಮಡುಗಳಲ್ಲಿ ಹಿಪ್ಪೊಗಳು ಸಂತೆಗೆ ಬಂದವರ ಹಾಗೆ ಒತ್ತಿಕೊಂಡು ನಿಂತು ಗುರುಗುಟ್ಟುತ್ತಿದ್ದವು. ಬಿಸಿಲಿನ ಮಾತು ಬೇಡ, ರಾಯಚೂರಿನವರು ಊಹಿಸಿಕೊಳ್ಳಬಲ್ಲರು.

ಮೊದಲ ಸಂಜೆ ನೀರಿನ ಮೇಲೆ ಒಂದು ಹಕ್ಕಿ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು, ಕೊಕ್ಕು ಕೆಳಗೆ ಮಾಡಿ, ಕಲ್ಲಿನಂತೆ ಬಿತ್ತು. ಕಪ್ಪು ಬಿಳಿ ಮಿಂಚುಳ್ಳಿ! ನಾನು ಸಂಭ್ರಮದಿಂದ ಬೈನಾಕ್ಯುಲರ್ ದಾಟಿಸಿದೆ. ನಮ್ಮನೆಯವರು ನೋಡಿ, ‘ಇದು ಕುಕ್ಕರಹಳ್ಳಿ ಕೆರೇಲಿ ಇದೆಯಲ್ಲೇ? ಇದಕ್ಕೆ ವೀಸಾ ಮಾಡಿಸಬೇಕಿತ್ತಾ?’ ಅಂದರು. ಕೆರೆಯಲ್ಲಿರುವುದೂ ಅದೇ ಜಾತಿ ಎನ್ನುವುದೇ ನನ್ನ ಸಂತೋಷವೆಂದು ವಿವರಿಸಹೊರಟು ಸುಮ್ಮನಾದೆ. ಮರುದಿನ ಒಣಕೊಂಬೆಯ ಮೇಲೆ ಎದೆಗೆ ನೇರಳೆ ಬಳಿದುಕೊಂಡ ನೀಲಕಂಠ ಕೂತಿತ್ತು. ನಮ್ಮ ರಾಜ್ಯಪಕ್ಷಿಯ ದಾಯಾದಿ. ದಾಯಾದಿಗಳ ರೂಢಿಯಂತೆ, ಉಡುಗೆಯಲ್ಲಿ ನಮ್ಮದಕ್ಕಿಂತ ಒಂದು ಕೈ ಮೇಲೆ.

ಜಿರಾಫೆ ಕಂಡಾಗ ಜೀಪೆಲ್ಲ ಎದ್ದು ನಿಂತಿತು. ಆ ಥಾರ್ನಿಕ್ರಾಫ್ಟ್ ಜಿರಾಫೆಗಳು ಈ ಕಣಿವೆ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲವಂತೆ. ನಾನು ನೋಡುತ್ತಿದ್ದುದು ಅದರ ಕತ್ತಿಗೆ ಅಂಟಿಕೊಂಡು ಮೇಲೆ ಕೆಳಗೆ ಓಡಾಡುತ್ತಿದ್ದ ಆಕ್ಸ್‌ಪೆಕರ್‌ಗಳನ್ನು. ಉಣ್ಣೆ ಹೆಕ್ಕುವ ಉಪಕಾರಿ ಎಂದು ಪುಸ್ತಕಗಳು ಹೊಗಳುವ ಈ ಹಕ್ಕಿ, ಗಾಯ ಸಿಕ್ಕರೆ ಕೆದಕಿ ರಕ್ತವನ್ನೂ ಕುಡಿಯುತ್ತದೆ. ಮನೆಗೆಲಸಕ್ಕೆಂದು ಬಂದು ಉಗ್ರಾಣದ ಬೀಗದಕೈ ಇಟ್ಟುಕೊಳ್ಳುವ ನೆಂಟರ ಹಾಗೆ.

ನಾನು ಇಷ್ಟು ದೂರ ಬಂದದ್ದು ಕಳ್ಳಿಪೀರಕ್ಕಾಗಿ. ದಕ್ಷಿಣದ ಕಾರ್ಮೈನ್ ಕಳ್ಳಿಪೀರ. ಕಾರ್ಮೈನ್ ಎಂಬ ಕೆಂಪನ್ನು ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಹುಳುವನ್ನು ಅರೆದು ತೆಗೆಯುತ್ತಾರೆ. ಹುಳು ತಿನ್ನುವ ಹಕ್ಕಿಗೆ ಹುಳುವಿನ ಬಣ್ಣದ ಹೆಸರು, ಕನ್ನಡದಲ್ಲಿ ಅದರ ಮುಂದೆ ಒಂದು ಕಳ್ಳಿ! ಯಾರೂ ಬೇಕೆಂದು ಮಾಡಿದ್ದಲ್ಲ, ಆದರೆ ಆ ಬಿಸಿಲಲ್ಲಿ ನನಗೆ ಒಬ್ಬಳಿಗೇ ನಗು ಬಂತು. ಜೊತೆಯವರಿಗೆ ಕನ್ನಡ ಬರುತ್ತಿರಲಿಲ್ಲ. ಬರುತ್ತಿದ್ದ ಒಬ್ಬರು ಸಿಂಹ ಹುಡುಕುತ್ತಿದ್ದರು.

ಆಚೆ ದಡ ಗೋಡೆಯ ಹಾಗೆ ಕಡಿದು ನಿಂತಿತ್ತು, ತುಂಬ ತೂತುಗಳು. ಗೈಡ್ ಎಂಜಿನ್ ಆರಿಸಿದ. ಒಮ್ಮೆಲೇ ಇಡೀ ಗೋಡೆ ಮೈಕೊಡವಿದಂತೆ ನೂರಾರು ಹಕ್ಕಿಗಳು ಎದ್ದವು. ಬೀಟ್‌ರೂಟ್ ಹೆಚ್ಚಿದ ಕೈಯ ಬಣ್ಣ, ನೆತ್ತಿಗೆ ನವಿಲುನೀಲಿ, ಬಾಲದ ನಡುವಿನಿಂದ ಎರಡು ಉದ್ದ ಗರಿಯೆಳೆ. ಸುತ್ತಿ ಸುತ್ತಿ ಕೂಗಿ ಮತ್ತೆ ಬಂದು ತಮ್ಮ ತಮ್ಮ ಬಾಗಿಲಿಗೆ ಅಂಟಿಕೊಂಡವು. ಒಂದೇ ಸುಣ್ಣ ಹೊಡೆದ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ನಾವೇ ಮನೆ ತಪ್ಪುತ್ತೇವೆ, ಇವು ಹೇಗೆ ಗುರುತು ಹಿಡಿಯುತ್ತವೋ! ತಪ್ಪಿದವೂ ಇದ್ದವು, ಅಲ್ಲಲ್ಲಿ ಕೊಕ್ಕಿಗೆ ಕೊಕ್ಕು ಕೊಟ್ಟು ಜಗಳ ನಡೆದಿತ್ತು. ಒಂದು, ಹಿಡಿದ ಜೇನ್ನೊಣವನ್ನು ಕೊಂಬೆಗೆ ಬಟ್ಟೆ ಒಗೆದಂತೆ ಬಡಿದು ಮುಳ್ಳು ಕಳೆದು ನುಂಗಿತು. ಮಣ್ಣಿನೊಳಗೆ ಮೀಟರಿಗೂ ಉದ್ದದ ಸುರಂಗ, ಅದರ ಕೊನೆಯಲ್ಲಿ ಮೊಟ್ಟೆ. ಮರಿಯೆದ್ದ ಮೇಲೆ ಇವು ಇನ್ನೂ ದಕ್ಷಿಣಕ್ಕೆ ಹೋಗಿ, ಅಲ್ಲಿಂದ ಭೂಮಧ್ಯರೇಖೆಯ ಕಡೆಗೆ ತಿರುಗಿ, ಮುಂದಿನ ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ಮತ್ತೆ ಇಂಥ ದಡ ಹುಡುಕಿಕೊಂಡು ಬರುತ್ತವೆ.

‘ಹೋದ ವರ್ಷ ದಡ ಇಲ್ಲಿರಲಿಲ್ಲ’ ಅಂದ ಗೈಡ್. ‘ಅಲ್ಲಿತ್ತು’ ಎಂದು ನದಿಯ ನಡುವಿಗೆ ಕೈ ತೋರಿಸಿದ.

ನಾನು ಕನ್ನಂಬಾಡಿಯ ಕೆಳಗಿನವಳು. ನದಿಯೆಂದರೆ ನಮಗೆ ಪೇಪರಿನಲ್ಲಿ ಬರುವ ಅಂಕಿ: ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಹೊರಹರಿವು ಇಷ್ಟು. ದಡ ಕುಸಿಯಿತೆಂದರೆ ನಮ್ಮಲ್ಲಿ ಅರ್ಜಿ, ಪರಿಹಾರ, ತಡೆಗೋಡೆ. ಲುವಾಂಗ್ವಾದ ಮುಖ್ಯ ಹರಿವಿಗೆ ಎಲ್ಲೂ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಅದು ತುಂಬಿ ಬಂದು ದಡ ಕೊರೆದು ಕೆಡವುತ್ತದೆ. ಇಳಿದಾಗ ಹೊಸದಾಗಿ ಕಡಿದ, ಹುಲ್ಲು ಬೇರು ಹಿಡಿಯದ ಮೆದು ಗೋಡೆಯೊಂದು ನಿಂತಿರುತ್ತದೆ. ಕಳ್ಳಿಪೀರಕ್ಕೆ ಬೇಕಾದ್ದು ಅದೇ. ಹಳೇ ಮನೆ ನೀರುಪಾಲಾಗಿರುತ್ತದೆ, ಹೊಸ ಸೈಟೂ ನೀರೇ ಕೊಟ್ಟಿರುತ್ತದೆ. ಅಲ್ಲೊಂದು ಒಳ್ಳೆಯ ಕಲ್ಲಿನ ಸೋಪಾನ ಕಟ್ಟಿಸಿ ಪುಣ್ಯ ಕಟ್ಟಿಕೊಳ್ಳೋಣವೆಂದು ಯಾರಾದರೂ ಹೊರಟರೆ ಈ ಹಕ್ಕಿಗಳ ಕತೆ ಮುಗಿದಂತೆ.

ಇಪ್ಪತ್ತು ನಿಮಿಷವಾಗಿತ್ತು. ಹಿಂದಿನ ಸೀಟಿನಿಂದ ನಿಟ್ಟುಸಿರು ಬಂತು, ಎಂಜಿನ್ ಹೊತ್ತಿಕೊಂಡಿತು. ಸಿಂಹ ಆ ಸಂಜೆಯೇ ಸಿಕ್ಕಿತು. ಮಲಗಿತ್ತು.

ಊರಿಗೆ ಬಂದು ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹತ್ತಿರದ ನಗುವನಹಳ್ಳಿಗೆ ಹೋದೆವು. ಅಲ್ಲಿನ ಮಣ್ಣಿನ ದಂಡೆಯಲ್ಲೂ ನೀಲಿಬಾಲದ ಕಳ್ಳಿಪೀರಗಳು ತೂತು ತೋಡುತ್ತವೆ. ನಾನು ಬೇಲಿಯ ಪಕ್ಕ ನಿಂತು ಎಣಿಸುತ್ತಿದ್ದೆ. ಇವರು ಕಾರಿನಲ್ಲಿ ಕೂತು ಪೇಪರ್ ಓದುತ್ತಿದ್ದವರು ಕಿಟಕಿ ಇಳಿಸಿದರು.

‘ಇವು ಕೆಂಪಗಿಲ್ಲವಲ್ಲೇ?’

ಇಲ್ಲ ಅಂದೆ. ಕಿಟಕಿ ಏರಿತು.